ಮನೆ ಬಿಟ್ಟು ನೀರಿಗಿಳಿಯುವ ಮುನ್ನ: ಹುಟ್ಟು ಹಾಕಿ, ಘಟ್ಟ ಹತ್ತುವ ತಿಂಗಳ ಪಯಣಕ್ಕೆ ತಯಾರಿ

ಕರಾವಳಿಯುದ್ದಕ್ಕೂ ಕಯಾಕ್‌ನಲ್ಲಿ (ಒಬ್ಬಿಬ್ಬರು ಕೂತು ಹುಟ್ಟು ಹಾಕುವ ಕಿರಿದೋಣಿ) ಹೋಗಿ, ಅಲ್ಲಿಂದ ನಡೆದೇ ಘಟ್ಟ ಹತ್ತಬೇಕು ಅನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ಕೇಳುವುದು ಬಹುತೇಕ ಎಲ್ಲರೂ ಒಂದನ್ನೇ: ಯಾವ ದೋಣಿ ಕೊಳ್ಳಲಿ, ಎಷ್ಟು ದಿನ ಬೇಕು, ಏನೇನು ಕಟ್ಟಿಕೊಳ್ಳಲಿ? ಇವಕ್ಕೆಲ್ಲ ಮುಂದೆ ಉತ್ತರವಿದೆ. ಆದರೆ ಯಾರೂ ಕೇಳದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳುಗಟ್ಟಲೆಯ ಪಯಣಗಳು ಅರ್ಧಕ್ಕೆ ನಿಲ್ಲುವುದನ್ನು ನಾನು ನೋಡಿರುವುದು ಹೆಚ್ಚಾಗಿ ಮನೆಯಿಂದ ಬಂದ ಫೋನಿನಿಂದ. ಅಪ್ಪನ ಮಾತ್ರೆ ಮುಗಿದಿದೆ, ಸಂಪಿನ ಮೋಟರ್ ಸುಟ್ಟಿದೆ, ಸಾಲದ ಕಂತು ಕಟ್ಟಿಲ್ಲವೆಂದು ಬ್ಯಾಂಕಿನವರು ಕರೆ ಮಾಡುತ್ತಿದ್ದಾರೆ. ನೀವಿಲ್ಲದೆ ಮನೆ ಒಂದು ತಿಂಗಳು ನಡೆಯುವಂತೆ ಮಾಡುವುದು ತಯಾರಿಯ ಅರ್ಧ ಭಾಗ. ಅದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ವಿವರಣೆಗೆ ಒಂದು ದಾರಿಯನ್ನು ಹಿಡಿಯೋಣ. ಕುಮಟಾ ತಾಲ್ಲೂಕಿನ ತದಡಿಯಲ್ಲಿ ಅಘನಾಶಿನಿ ನದಿಯಿಂದ ಹೊರಟು ಹೊನ್ನಾವರ, ಮುರ್ಡೇಶ್ವರ, ಭಟ್ಕಳ, ಬೈಂದೂರು, ಮರವಂತೆ ದಾಟಿ ಗಂಗೊಳ್ಳಿಯವರೆಗೆ ಹುಟ್ಟು. ಅಲ್ಲಿಂದ ಕೊಲ್ಲೂರು, ಕೊಡಚಾದ್ರಿ, ಆಗುಂಬೆ, ಕುದುರೆಮುಖಕ್ಕೆ ನಡಿಗೆ. ನೀರಿನ ಹಾದಿ ನೂರು ಕಿಲೋಮೀಟರ್ ಆಸುಪಾಸು. ದಿನಕ್ಕೆ 15ರಿಂದ 20 ಕಿಲೋಮೀಟರ್ ಲೆಕ್ಕ ಹಿಡಿದು, ಗಾಳಿ–ಅಲೆಗೆ ದಡದಲ್ಲೇ ಕೂರಬೇಕಾದ ದಿನಗಳನ್ನೂ ಸೇರಿಸಿದರೆ ಹತ್ತು–ಹನ್ನೆರಡು ದಿನ. ನಡಿಗೆಗೆ ಎರಡರಿಂದ ಮೂರು ವಾರ.

1. ಮೂರು ತಿಂಗಳ ಮೊದಲು: ಕಾಲ ಗೊತ್ತು ಮಾಡಿಕೊಳ್ಳಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಆ ಸಮುದ್ರಕ್ಕೆ ಕಯಾಕ್ ಇಳಿಸುವ ಮಾತೇ ಬೇಡ. ಅಕ್ಟೋಬರ್–ನವೆಂಬರಿನಲ್ಲಿ ಸಮುದ್ರ ತಣ್ಣಗಾದಂತೆ ಕಂಡರೂ ಅರಬ್ಬಿ ಸಮುದ್ರದ ತೂಫಾನುಗಳು ಹೆಚ್ಚಾಗಿ ಏಳುವುದು ಆಗಲೇ. 2019ರ ಕ್ಯಾರ್ ಅಕ್ಟೋಬರ್ ಕೊನೆಯದು, 2017ರ ಓಖಿ ನವೆಂಬರ್ ಕೊನೆಯದು. ಇತ್ತ ಫೆಬ್ರವರಿ ಕಳೆದರೆ ಕಾಡಿಗೆ ಬೆಂಕಿ ಬೀಳುವ ಭಯದಿಂದ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುತ್ತದೆ. ಹಾಗಾಗಿ ಡಿಸೆಂಬರ್ ನಡುವಿನಲ್ಲಿ ನೀರಿಗಿಳಿದು ಜನವರಿಯಲ್ಲಿ ಘಟ್ಟ ಹತ್ತುವುದೇ ಸರಿಯಾದ ಕ್ರಮ. ಮೊದಲು ಕಾಡು, ಆಮೇಲೆ ಕಡಲು ಅಂತ ತಿರುಗಿಸಿಕೊಳ್ಳಬೇಡಿ.

ಉತ್ತರದಿಂದ ದಕ್ಷಿಣಕ್ಕೇ ಹೋಗಿ. ಈ ತಿಂಗಳುಗಳಲ್ಲಿ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸುತ್ತದೆ; ದಕ್ಷಿಣಕ್ಕೆ ಹೊರಟವರಿಗೆ ಅದು ಬೆನ್ನ ಹಿಂದೆ. ಬೆಳಗಿನ ಗಾಳಿಯ ಬಗ್ಗೆ ಮಾತ್ರ ಎಚ್ಚರ ಬೇಕು. ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ದಡದ ಹತ್ತಿರ ನೀರು ಕನ್ನಡಿಯಂತಿರುತ್ತದೆ, ಆದರೆ ಅದೇ ಗಾಳಿ ನಿಮ್ಮನ್ನು ಸದ್ದಿಲ್ಲದೆ ಹೊರಗೆ ತಳ್ಳುತ್ತಿರುತ್ತದೆ. ದಡದಿಂದ ದೂರ ಹೋಗುವ ಆಸೆ ಬೇಡ.

ಕಾರವಾರದಿಂದಲೇ ಯಾಕೆ ಶುರು ಮಾಡಬಾರದು ಎಂದು ಕೇಳುತ್ತಾರೆ. ಕಾರವಾರದಿಂದ ತೆಂಕಕ್ಕೆ ಸೀಬರ್ಡ್ ನೌಕಾನೆಲೆಯ ನಿರ್ಬಂಧಿತ ನೀರು ಇದೆ. ಅಲ್ಲಿ ಖಾಸಗಿ ದೋಣಿಗೆ ಪ್ರವೇಶವಿಲ್ಲ. ತದಡಿ ಹಿಡಿದರೆ ಆ ತೊಡಕಿಲ್ಲ.

ದಿನಾಂಕ ಹಾಕುವಾಗ ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ ಅಮಾವಾಸ್ಯೆ, ಹುಣ್ಣಿಮೆಗಳಿಗೆ ಗುರುತು ಹಾಕಿ. ಆ ದಿನಗಳಲ್ಲೂ ಅದರ ಹಿಂದುಮುಂದಿನ ಎರಡು ದಿನವೂ ಉಬ್ಬರ–ಇಳಿತ ಜೋರು. ನದಿ ಸಮುದ್ರ ಸೇರುವ ಅಳಿವೆ ಬಾಗಿಲಲ್ಲಿ ಇಳಿತದ ನೀರು ಹೊರಗೆ ನುಗ್ಗುತ್ತಿರುತ್ತದೆ, ಸಮುದ್ರದ ಅಲೆ ಒಳಗೆ ಬರುತ್ತಿರುತ್ತದೆ. ಎರಡೂ ಕೂಡಿದ ಜಾಗದಲ್ಲಿ ಅಲೆ ನೆಟ್ಟಗೆ ಎದ್ದು ಮುರಿಯುತ್ತದೆ. ಮರಳಿನ ದಿಬ್ಬಗಳೂ ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುತ್ತವೆ, ಹೋದ ವರ್ಷದ ವಿಡಿಯೋ ನೋಡಿ ನಂಬಬೇಡಿ. ಈ ದಾರಿಯಲ್ಲಿ ಅಘನಾಶಿನಿ, ಹೊನ್ನಾವರದ ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ ಮೂರೂ ದೊಡ್ಡ ಅಳಿವೆಗಳು. ಅಲ್ಲಿನ ದಾಟುವಿಕೆ ಉಬ್ಬರ ತುಂಬುವ ಹೊತ್ತಿಗೆ ಬರುವಂತೆ ದಿನಗಳನ್ನು ಹೊಂದಿಸಿಕೊಳ್ಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ ಎಂಬುದು ನೆನಪಿರಲಿ.

2. ಕಾಗದ ಪತ್ರ, ಅನುಮತಿ

ಕರಾವಳಿ ಕಾವಲು ಪೊಲೀಸರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ನಿಮ್ಮ ದಾರಿಯಲ್ಲಿ ಕುಮಟಾ, ಹೊನ್ನಾವರ, ಭಟ್ಕಳ, ಗಂಗೊಳ್ಳಿ ಠಾಣೆಗಳು ಸಿಗುತ್ತವೆ. ಹೊರಡುವ ಎರಡು ತಿಂಗಳ ಮೊದಲೇ ಮಲ್ಪೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿ ಇಟ್ಟುಕೊಳ್ಳಿ. ಅಪರಿಚಿತ ದೋಣಿ ದಡಕ್ಕೆ ಬಂದರೆ ಮೀನುಗಾರರೇ ಠಾಣೆಗೆ ಫೋನ್ ಮಾಡುತ್ತಾರೆ. ಅದು ಅವರ ಕರ್ತವ್ಯ, ಬೇಸರಿಸಿಕೊಳ್ಳಬೇಡಿ. ಲ್ಯಾಮಿನೇಟ್ ಮಾಡಿಸಿದ ಆಧಾರ್ ಪ್ರತಿ ಮತ್ತು ಆ ಮೊಹರಿನ ಪತ್ರ ಲೈಫ್ ಜಾಕೆಟ್ಟಿನ ಜೇಬಿನಲ್ಲೇ ಇರಲಿ.

ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಕಾಯ್ದಿರಿಸಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ, ವಾರಾಂತ್ಯ ಬೇಗ ತುಂಬುತ್ತದೆ. ನೀವು ವಾರದ ನಡುವಿನ ದಿನ ಹಿಡಿಯಿರಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಗುಡಾರ ಹಾಕಿ ಮಲಗುವಂತಿಲ್ಲ. ಒಂದು ಶಿಖರದಿಂದ ಇನ್ನೊಂದಕ್ಕೆ ಕಾಡಿನೊಳಗೇ ನಡೆದುಬಿಡುತ್ತೇನೆ ಅಂದುಕೊಂಡವರ ಯೋಜನೆ ಇಲ್ಲೇ ಮುರಿಯುತ್ತದೆ. ಶಿಖರಗಳಿಗೆ ಅನುಮತಿಯ ದಾರಿ, ನಡುವಿನ ಊರುಗಳಿಗೆ ರಸ್ತೆಯ ಪಕ್ಕದ ನಡಿಗೆ, ರಾತ್ರಿಗೆ ಹೋಮ್‌ಸ್ಟೇ ಅಥವಾ ಮಠ–ದೇವಸ್ಥಾನದ ವಸತಿ ಅಂತ ಯೋಜಿಸಿ.

ಇಲ್ಲೊಂದು ಗಂಭೀರ ಎಚ್ಚರಿಕೆ. ವಿದೇಶದಲ್ಲಿರುವ ನಮ್ಮವರು ಊರಿಗೆ ಬಂದು ಇಂಥ ಪಯಣ ಮಾಡುವಾಗ ಅಲ್ಲಿ ಬಳಸುವ ಸ್ಯಾಟಲೈಟ್ ಫೋನ್ ಅಥವಾ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಜೊತೆಗೆ ತರುತ್ತಾರೆ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಮಾನ ನಿಲ್ದಾಣಗಳಲ್ಲೇ ಬಂಧನಗಳಾಗಿವೆ. ತರಬೇಡಿ. ದೋಣಿಗಳಲ್ಲಿ ಬಳಸುವ ವಿಎಚ್‌ಎಫ್ ರೇಡಿಯೋಕ್ಕೂ ಪರವಾನಗಿ ಬೇಕು.

3. ಮೈ ಮತ್ತು ವಿಮೆ

ವೈದ್ಯರ ಬಳಿ ಎರಡು ವಿಷಯ ಹೆಸರು ಹೇಳಿಯೇ ಕೇಳಿ. ಒಂದು, ಇಲಿಜ್ವರ. ನದಿ ನೀರು, ಕೆಸರಿನಲ್ಲಿ ಗಾಯದ ಕಾಲಿಟ್ಟರೆ ತಗಲುವಂಥದ್ದು. ಮುಂಜಾಗ್ರತೆಯ ಮಾತ್ರೆ ನಿಮಗೆ ಬೇಕೇ ಎಂದು ಅವರೇ ಹೇಳಬೇಕು. ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗಿನ ಕಡಿತದಿಂದ ಬರುತ್ತದೆ. ಅದರ ಕಾಲ ಡಿಸೆಂಬರಿನಿಂದ ಬೇಸಿಗೆಯವರೆಗೆ, ಅಂದರೆ ಸರಿಯಾಗಿ ನಿಮ್ಮ ನಡಿಗೆಯ ಕಾಲ. ಹೊಸನಗರ, ತೀರ್ಥಹಳ್ಳಿ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ತೈಲ ಕೊಡುತ್ತಾರೆ, ಕೇಳಿ ಪಡೆಯಿರಿ. ಉದ್ದ ತೋಳು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಸಂಜೆ ಮೈಯೆಲ್ಲ ತಡಕಿ ನೋಡಿ ಬಿಸಿನೀರಿನ ಸ್ನಾನ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ‘ಕಾಡಿನಲ್ಲಿ ನಡೆದಿದ್ದೆ’ ಎಂಬುದನ್ನು ವೈದ್ಯರಿಗೆ ಮೊದಲ ಮಾತಾಗಿ ಹೇಳಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ತಾವಾಗಿ ಅದನ್ನು ಊಹಿಸುವವರು ಕಡಿಮೆ.

ಆರೋಗ್ಯ ವಿಮೆಯ ಪತ್ರದಲ್ಲಿ ಸಾಹಸ ಕ್ರೀಡೆಯ ಷರತ್ತು ಓದಿ. ಸಾಮಾನ್ಯವಾಗಿ ಅದು ವೃತ್ತಿಪರವಾಗಿ ಆಡುವವರಿಗೆ ಅನ್ವಯಿಸುತ್ತದೆ. ಅಪಘಾತ ವಿಮೆಯಲ್ಲಿ ಮಾತ್ರ ಒಂದೊಂದು ಕಂಪನಿಯದು ಒಂದೊಂದು ಬಗೆ. ಏಜೆಂಟರ ಬಾಯಿಮಾತು ಸಾಲದು, ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ.

4. ಮನೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವ ಹಂತ ಇದು. ಹೊರಡುವ ಎರಡು ತಿಂಗಳ ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು, ಒಂದು ಪೂರ್ತಿ ತಿಂಗಳು ಮನೆಗಾಗಿ ನೀವು ಮಾಡುವ ಒಂದೊಂದು ಕೆಲಸವನ್ನೂ ಬರೆಯುತ್ತ ಹೋಗಿ. ಹಾಲಿನವರಿಗೆ ದುಡ್ಡು, ಅಮ್ಮನ ಬಿಪಿ ಮಾತ್ರೆ, ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಅಪಾರ್ಟ್‌ಮೆಂಟಿನ ನಿರ್ವಹಣೆ ಶುಲ್ಕ, ಮಗಳ ಶಾಲೆ ವ್ಯಾನಿನವರ ಜೊತೆ ಮಾತು. ನೆನಪಿನಿಂದ ಪಟ್ಟಿ ಮಾಡಲು ಕೂತರೆ ಅರ್ಧ ಬಿಟ್ಟುಹೋಗುತ್ತದೆ, ಯಾಕೆಂದರೆ ದಿನವೂ ಮಾಡುವ ಕೆಲಸ ಕೆಲಸ ಅಂತಲೇ ಅನ್ನಿಸುವುದಿಲ್ಲ. ತಿಂಗಳು ಮುಗಿದಾಗ ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು ಬರಬೇಕು. ಹೆಸರು ಬಾರದ ಸಾಲು ಉಳಿದಿದ್ದರೆ ತಯಾರಿ ಮುಗಿದಿಲ್ಲ.

*ಹಿರಿಯರಿದ್ದರೆ:* ಮಾತ್ರೆಗಳು ನಿಮ್ಮ ಪಯಣಕ್ಕಿಂತ ಎರಡು ವಾರ ಹೆಚ್ಚಿಗೆ ಇರಲಿ. ಇನ್ಸುಲಿನ್ ಇದ್ದರೆ ಫ್ರಿಜ್ ಕೆಟ್ಟಾಗ ಯಾರ ಮನೆಯಲ್ಲಿಡಬೇಕು ಎಂಬುದೂ ಗೊತ್ತಾಗಿರಲಿ. ಅಪ್ಪ–ಅಮ್ಮ ಪಿಂಚಣಿದಾರರಾದರೆ ವರ್ಷಕ್ಕೊಮ್ಮೆಯ ಜೀವನ ಪ್ರಮಾಣ ಪತ್ರ ನವೆಂಬರಿನಲ್ಲಿ ಸಲ್ಲಬೇಕು. ಪ್ಯಾಕಿಂಗ್ ಗಡಿಬಿಡಿಯಲ್ಲಿ ಅದು ತಪ್ಪಿದರೆ ಡಿಸೆಂಬರಿನ ಪಿಂಚಣಿ ನಿಂತೀತು. ನವೆಂಬರ್ ಮೊದಲ ವಾರದಲ್ಲೇ ನೀವೇ ಜೊತೆಗೆ ಹೋಗಿ ಮುಗಿಸಿ. ಅವರನ್ನು ನೋಡಿಕೊಳ್ಳಲು ಒಬ್ಬ ಸಂಬಂಧಿಕರಷ್ಟೇ ಇರುವುದಕ್ಕಿಂತ ಒಬ್ಬ ನೆರೆಯವರೂ ಜೊತೆಗಿರುವುದು ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ಬರುವವರು ನೆರೆಯವರೇ.

*ದುಡ್ಡು:* ಕಂತು, ಎಸ್‌ಐಪಿ, ವಿಮೆಯ ಕಂತು ಯಾವ ತಾರೀಖಿಗೆ ಯಾವ ಖಾತೆಯಿಂದ ಕಡಿತವಾಗುತ್ತದೆ ನೋಡಿ, ಎರಡು ತಿಂಗಳಿಗೆ ಸಾಕಾಗುವಷ್ಟು ಬಿಟ್ಟು ಹೋಗಿ. ಸ್ವಂತ ಉದ್ಯೋಗದವರು ಡಿಸೆಂಬರ್ 15ರ ಮುಂಗಡ ತೆರಿಗೆ ಕಂತನ್ನು ಹೊರಡುವ ಮೊದಲೇ ಕಟ್ಟಿಬಿಡಿ.

ಬಹಳ ಜನ ಸಿಕ್ಕಿಬೀಳುವುದು ಒಟಿಪಿಯಲ್ಲಿ. ಬ್ಯಾಂಕಿಗೆ ಜೋಡಿಸಿದ ಸಿಮ್ ಇರುವ ಫೋನು ಸಮುದ್ರಕ್ಕೆ ಬಿದ್ದರೆ ಹೊಸ ಸಿಮ್ ಸಿಗುವವರೆಗೆ ನಿಮ್ಮ ಖಾತೆ ನಿಮಗೇ ತೆರೆಯುವುದಿಲ್ಲ. ಆ ಸಿಮ್ಮನ್ನು ಒಂದು ಅಗ್ಗದ ಬಟನ್ ಫೋನಿಗೆ ಹಾಕಿ, ಸ್ವಿಚ್ ಆಫ್ ಮಾಡಿ, ಚೀಲದ ತಳದಲ್ಲಿಡಿ. ದಿನದ ಖರ್ಚಿನ ಯುಪಿಐಗೆ ಇನ್ನೊಂದು ನಂಬರು, ಸಣ್ಣ ಮೊತ್ತವಿರುವ ಇನ್ನೊಂದು ಖಾತೆ. ಎರಡು ಸಿಮ್ಮೂ ಬೇರೆ ಬೇರೆ ಕಂಪನಿಯವಾಗಿರಲಿ, ರೀಚಾರ್ಜ್ ಅವಧಿ ಪಯಣಕ್ಕಿಂತ ಉದ್ದವಿರಲಿ. ಫೋನ್ ಕಳೆದರೆ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಅದನ್ನು ನಿರ್ಬಂಧಿಸಬಹುದು. ಅದಕ್ಕೆ ಬೇಕಾದ ಐಎಂಇಐ ಸಂಖ್ಯೆ (ಫೋನಿನ 15 ಅಂಕಿಯ ಗುರುತು) ಮನೆಯವರ ಬಳಿ ಬರೆದಿಟ್ಟಿರಲಿ. ನಾಮಿನಿಯ ಹೆಸರು ಎಲ್ಲ ಖಾತೆಗಳಲ್ಲಿ ಇದೆಯೇ ಎಂದೂ ಈಗಲೇ ನೋಡಿ. ಮನೆಯಲ್ಲಿ ಈ ಮಾತು ಎತ್ತಿದರೆ ‘ಅಪಶಕುನ ನುಡಿಯಬೇಡ’ ಅನ್ನುತ್ತಾರೆ. ಆದರೂ ಎತ್ತಿ.

*ಮನೆಗೆ ಬೀಗ ಹಾಕುವವರಿಗೆ:* ಗ್ಯಾಸ್ ರೆಗ್ಯುಲೇಟರ್ ತೆಗೆದಿಡಿ. ಫ್ರಿಜ್ ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಬಟ್ಟೆ ಸಿಕ್ಕಿಸಿ ತುಸು ತೆರೆದಿಡಿ, ಇಲ್ಲದಿದ್ದರೆ ಬೂಷ್ಟು. ಸಂಪು ಮತ್ತು ಮೇಲಿನ ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ಡೆಂಗಿ ತರುವ ಸೊಳ್ಳೆಗೆ ಅಲುಗದ ಸ್ವಚ್ಛ ನೀರು ಸಾಕು. ಬಚ್ಚಲಿನ ಜಾಲರಿಯ ಕೆಳಗೆ ನಿಂತಿರುವ ನೀರು ಒಂದು ತಿಂಗಳಲ್ಲಿ ಆರುತ್ತದೆ, ಆರಿದ ಮೇಲೆ ಜಿರಲೆಗೆ ಅದೇ ಬಾಗಿಲು. ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ತೂಕ ಇಡಿ. ಅಕ್ಕಿ–ಬೇಳೆ ಯಾರಿಗಾದರೂ ಕೊಟ್ಟುಬಿಡಿ. ಪೇಪರ್, ಹಾಲು ನಿಲ್ಲಿಸಿ. ಠಾಣೆಗೊಂದು ಪತ್ರ. ಬೀಗದ ಕೈ ಇಬ್ಬರಲ್ಲಿರಲಿ, ಒಬ್ಬರ ಬಳಿ ಇದೆ ಅಂತ ಇನ್ನೊಬ್ಬರಿಗೆ ಗೊತ್ತಿರಲಿ.

ಅಡಿಕೆ ತೋಟವಿರುವ ಮನೆಯವರಿಗೊಂದು ಮಾತು. ಡಿಸೆಂಬರ್–ಜನವರಿ ಕೊಯ್ಲು, ಸುಲಿತದ ಕಾಲ. ಅಣ್ಣತಮ್ಮಂದಿರಿಗೆ ವಹಿಸಿ ಹೊರಡಬಹುದು, ಆದರೆ ಕೊನೆಗೌಡರಿಗೆ (ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು), ಸುಲಿಯುವವರಿಗೆ ಕೂಲಿ ಯಾರು ಕೊಡುತ್ತಾರೆ ಎಂಬುದು ಸ್ಪಷ್ಟವಾಗಿರಬೇಕು.

5. ದಡದ ಮನುಷ್ಯ

ಮನೆ ನೋಡಿಕೊಳ್ಳುವವರು ಬೇರೆ, ನಿಮ್ಮನ್ನು ನೋಡಿಕೊಳ್ಳುವವರು ಬೇರೆ. ದಿನವೂ ನಿಮ್ಮ ಸುದ್ದಿ ಕಾಯುವ, ಬಾರದಿದ್ದರೆ ಏನು ಮಾಡಬೇಕೆಂದು ಗೊತ್ತಿರುವ ಒಬ್ಬರನ್ನು ಆರಿಸಿ. ಬೇಗ ಗಾಬರಿಯಾಗುವವರೂ ಬೇಡ, ‘ಬರ್ತಾನೆ ಬಿಡು’ ಅಂತ ಸುಮ್ಮನಿರುವವರೂ ಬೇಡ. ಹೆಂಡತಿ ಅಥವಾ ತಾಯಿಯ ಮೇಲೆ ಈ ಹೊರೆ ಹಾಕದಿರುವುದು ಮೇಲು. ಆರಿಸಿದವರ ಕೈಗೆ ಒಂದು ಹಾಳೆ ಕೊಡಿ, ಅದರಲ್ಲಿ ಇಷ್ಟಿರಲಿ:

ಹೆಸರು, ವಯಸ್ಸು, ರಕ್ತದ ಗುಂಪು, ದಿನವೂ ನುಂಗುವ ಮಾತ್ರೆ.
ದೋಣಿ: ಕಿತ್ತಳೆ ಬಣ್ಣ, 14 ಅಡಿ, ಒಬ್ಬರೇ ಕೂರುವುದು. ಲೈಫ್ ಜಾಕೆಟ್: ಹಳದಿ.
ಇವತ್ತು ಇಲ್ಲಿಂದ: ಕಾಸರಕೋಡು. ಇಲ್ಲಿಗೆ: ಮುರ್ಡೇಶ್ವರ. ಹೊರಡುವುದು ಬೆಳಿಗ್ಗೆ 6.30.
ದಡ ಸೇರಿದ ಸುದ್ದಿ ಮಧ್ಯಾಹ್ನ 2ರೊಳಗೆ.
2ಕ್ಕೆ ಬಾರದಿದ್ದರೆ: ಎರಡೂ ನಂಬರಿಗೆ ಕರೆ, ಇಳಿಯುವ ಊರಿನ ಪರಿಚಯದವರಿಗೆ ಕರೆ.
3.30ಕ್ಕೂ ಬಾರದಿದ್ದರೆ: ಕರಾವಳಿ ಕಾವಲು ಪೊಲೀಸ್ 1093, ಕೋಸ್ಟ್ ಗಾರ್ಡ್ 1554.

ಸಂಜೆಯವರೆಗೆ ಕಾಯಿಸುವಂತೆ ಬರೆಯಬೇಡಿ. ಡಿಸೆಂಬರಿನಲ್ಲಿ ಆರೂಕಾಲಿನ ಹೊತ್ತಿಗೆ ಕತ್ತಲಾಗುತ್ತದೆ, ಹುಡುಕುವವರಿಗೆ ಬೆಳಕಿನ ಎರಡು ಗಂಟೆಯಾದರೂ ಬೇಕು. ಮೊದಲ ಎರಡು ಸಾಲು ಬಿಟ್ಟು ಉಳಿದುದನ್ನು ಪ್ರತಿ ರಾತ್ರಿ ಹೊಸದಾಗಿ ಕಳಿಸಬೇಕು. ಘಟ್ಟದ ನಡಿಗೆಗೂ ಇದೇ ಹಾಳೆ, ಅಲ್ಲಿ ಕರೆ 112ಕ್ಕೆ ಮತ್ತು ವಲಯ ಅರಣ್ಯ ಕಚೇರಿಗೆ. ದಾರಿ ಬದಲಿಸಿದರೆ ಬದಲಿಸುವ ಮೊದಲು ತಿಳಿಸಿ. ಇಲ್ಲದಿದ್ದರೆ ಅವರು ನಿಮ್ಮನ್ನು ನೀವಿಲ್ಲದ ಕಡೆ ಹುಡುಕುತ್ತಾರೆ.

ಹವಾಮಾನವನ್ನೂ ಇವರಿಗೇ ಒಪ್ಪಿಸಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ನೀವಿದ್ದಾಗ ಅದನ್ನು ಓದಿ ಎರಡು ಸಾಲಿನ ಎಸ್‌ಎಂಎಸ್ ಕಳಿಸಲಿ.

6. ಸಾಮಾನು: ಎರಡು ಗಂಟು

ಕಯಾಕ್‌ಗಳಲ್ಲಿ ಮೇಲೆ ಕೂರುವ ಮಾದರಿ ಮಗುಚಿದರೂ ಮತ್ತೆ ಹತ್ತುವುದು ಸುಲಭ. ಒಳಗೆ ಕಾಲು ಚಾಚಿ ಕೂರುವ ಸಮುದ್ರ ಕಯಾಕ್ ವೇಗವಾಗಿ ಹೋಗುತ್ತದೆ, ಸಾಮಾನೂ ಹೆಚ್ಚು ಹಿಡಿಯುತ್ತದೆ, ಆದರೆ ಮಗುಚಿದಾಗ ಹೊರಬರುವ ಅಭ್ಯಾಸ ಇರಲೇಬೇಕು. ಕಲಿಸುವವರಿಲ್ಲದೆ ಶುರು ಮಾಡುವವರು ಮೊದಲನೆಯದನ್ನೇ ಆರಿಸಿ.

ಒಂದೇ ಚೀಲದಲ್ಲಿ ಎರಡೂ ಪಯಣಕ್ಕೆ ಬೇಕಾದುದನ್ನು ತುಂಬುವುದು ದೊಡ್ಡ ತಪ್ಪು. ದೋಣಿ ಹೊರುವ ತೂಕವನ್ನು ಬೆನ್ನು ಹೊರುವುದಿಲ್ಲ. ನೀರಿನ ಗಂಟಿನಲ್ಲಿ ಲೈಫ್ ಜಾಕೆಟ್, ಸೀಟಿ, ಹೆಚ್ಚುವರಿ ಹುಟ್ಟು, ನೀರು ಹೊರಹಾಕುವ ಕೈ ಪಂಪು, ಹದಿನೈದು ಮೀಟರ್ ಹಗ್ಗ, ಬಲೆ ಸಿಕ್ಕಿಕೊಂಡರೆ ಕೊಯ್ಯಲು ಚಾಕು, ಡ್ರೈಬ್ಯಾಗ್‌ಗಳು (ಬಾಯಿ ಮಡಚಿ ಸುತ್ತಿ ಕ್ಲಿಪ್ ಹಾಕುವ, ನೀರಿಳಿಯದ ಚೀಲ). ನಡಿಗೆಯ ಗಂಟಿನಲ್ಲಿ ಪಳಗಿದ ಶೂ, ಬೆನ್ನುಚೀಲ, ಬೆಚ್ಚಗಿನ ಬಟ್ಟೆ, ಟಾರ್ಚು. ನೀರು, ಆಹಾರ ಸೇರಿ ಬೆನ್ನಿನ ತೂಕ 12 ಕಿಲೋ ದಾಟದಿರಲಿ. ಈ ಎರಡನೆಯ ಗಂಟನ್ನು ಕೆಎಸ್ಸಾರ್ಟಿಸಿಯ ‘ನಮ್ಮ ಕಾರ್ಗೋ’ದಲ್ಲಿ ಕುಂದಾಪುರಕ್ಕೆ ಕಳಿಸಿ, ಪರಿಚಯದವರ ಮನೆಯಲ್ಲಿಡಿಸಿ. ದೋಣಿ ಗಂಗೊಳ್ಳಿಯಲ್ಲಿ ಎಲ್ಲಿ ಉಳಿಯುತ್ತದೆ, ಯಾರು ವಾಪಸ್ ತರುತ್ತಾರೆ ಎಂಬುದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ.

ಸೌಪರ್ಣಿಕಾ ನದಿಯಲ್ಲಿ ಕೊಲ್ಲೂರಿನ ಕಡೆಗೇ ಹುಟ್ಟು ಹಾಕಿಕೊಂಡು ಹೋಗಬಹುದಲ್ಲ ಅಂತ ನಕ್ಷೆ ನೋಡಿದವರಿಗೆ ಅನ್ನಿಸುತ್ತದೆ. ಉಪ್ಪುನೀರು ತಡೆಯಲು ಕಟ್ಟಿದ ಕಿಂಡಿ ಅಣೆಕಟ್ಟುಗಳಿಗೆ ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ, ದೋಣಿಗೆ ದಾರಿಯಿರುವುದಿಲ್ಲ.

ಆಹಾರಕ್ಕೆ ಹೊಸದೇನೂ ಬೇಡ. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಶೇಂಗಾ ಚಿಕ್ಕಿ, ಚಟ್ನಿಪುಡಿ. ಊಟ ಊರುಗಳಲ್ಲಿ ಸಿಗುತ್ತದೆ. ಕುಡಿಯುವ ನೀರು ದಿನಕ್ಕೆ ಐದು ಲೀಟರ್ ಹೊರಿ, ಮುರುಗಲು ಪಾನಕದ ಜೊತೆ ಓಆರ್‌ಎಸ್ ಪೊಟ್ಟಣವೂ ಇರಲಿ.

7. ಮೂರು ವಾರ ಮೊದಲು: ತುಂಬಿದ ದೋಣಿಯ ತಾಲೀಮು

ಖಾಲಿ ದೋಣಿಯಲ್ಲಿ ಮಾಡಿದ ಅಭ್ಯಾಸ ತುಂಬಿದ ದೋಣಿಗೆ ಸಾಲದು. ಎಲ್ಲ ಸಾಮಾನು ಹೇರಿ, ಭಾರವಾದುದನ್ನು ತಳದಲ್ಲಿ ನಡುವಿಗೆ ಇಟ್ಟು, ಜೊತೆಗಾರರೊಬ್ಬರನ್ನು ಇಟ್ಟುಕೊಂಡು ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ. ನೀವೊಬ್ಬರೇ ಮತ್ತೆ ಹತ್ತಲು ಎಷ್ಟು ಹೊತ್ತು ಬೇಕಾಯಿತು, ಯಾವ ಚೀಲದೊಳಗೆ ನೀರು ಹೋಯಿತು ನೋಡಿ. ಐದು ನಿಮಿಷದಲ್ಲಿ ಹತ್ತಲು ಆಗದಿದ್ದರೆ ದಿನಾಂಕ ಮುಂದೆ ಹಾಕಿ. ಆಮೇಲೆ ಎರಡು ಹಗಲು, ಒಂದು ರಾತ್ರಿಯ ಪಯಣ ಮಾಡಿ. ಅದೇ ಎರಡು ದಿನ ಮನೆಯವರೂ ನಿಮಗೆ ಫೋನ್ ಮಾಡದೆ ನೋಟ್‌ಬುಕ್ ನೋಡಿಕೊಂಡೇ ಮನೆ ನಡೆಸಲಿ. ಏನು ಬಿಟ್ಟುಹೋಗಿದೆ ಎಂಬುದು ಎರಡೂ ಕಡೆ ಗೊತ್ತಾಗುತ್ತದೆ.

8. ಕೊನೆಯ ಮೂರು ದಿನ

ತದಡಿಗೆ ಎರಡು ದಿನ ಮೊದಲೇ ತಲುಪಿ. ಬಂದರಿನಲ್ಲಿ ಬೆಳಿಗ್ಗೆ ಮೀನಿಳಿಸುವ ಹೊತ್ತಿಗೆ ಹೋಗಿ, ಅವರ ಕೆಲಸ ಮುಗಿದ ಮೇಲೆ ಕೇಳಿ: ‘ಅಣ್ಣ, ಈ ಸಲ ಅಳಿವೆಯಲ್ಲಿ ದಿಬ್ಬ ಯಾವ ಕಡೆ ಬಿದ್ದಿದೆ? ಹೊನ್ನಾವರದವರೆಗೆ ಬಲೆ ಎಲ್ಲೆಲ್ಲಿ ಬಿಟ್ಟಿರುತ್ತೀರಿ?’ ಅವರು ಹೇಳಿದ್ದನ್ನು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ‘ಇವತ್ತು ಬೇಡ’ ಅಂದರೆ ಅವತ್ತು ಇಳಿಯಬೇಡಿ. ಮುಂದೆ ಬೈಂದೂರು ದಾಟಿದ ಮೇಲೆ ಕಡಲಕೊರೆತಕ್ಕೆ ಕಲ್ಲು ಪೇರಿಸಿದ ತಡೆಗೋಡೆಗಳು ಅಲ್ಲಲ್ಲಿ ಸಿಗುತ್ತವೆ, ಅಲ್ಲಿ ದೋಣಿ ಹಚ್ಚಲು ಆಗದು. ಮರಳಿರುವ ಇಳಿದಾಣಗಳನ್ನು ಉಪಗ್ರಹ ಚಿತ್ರದಲ್ಲಿ ನೋಡಿ, ಆಯಾ ಊರಿನವರಿಂದ ಖಚಿತಪಡಿಸಿಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಮನೆಗೆ ಒಂದೇ ಕರೆ ಮಾಡಿ, ನೋಟ್‌ಬುಕ್ಕಿನ ಹೆಸರುಗಳನ್ನು ಒಮ್ಮೆ ಓದಿಸಿ ಕೇಳಿ. ಆಮೇಲೆ ದಡದ ಮನುಷ್ಯನಿಗೆ ನಾಳೆಯ ಹಾಳೆ ಕಳಿಸಿ, ‘ಓದಿದೆ’ ಅಂತ ಉತ್ತರ ಬಂದ ಮೇಲೆ ಮಲಗಿ.